ಮೇಜಿನ ಕಂಪ್ಯೂಟರಿನಲ್ಲಿ ಕುಶಲಪ್ರಶ್ನೆ

ದೂರದೇಶದಲ್ಲಿರುವ ಮಕ್ಕಳೊಡನೆ ಮಾತನಾಡುವುದಕ್ಕೆ ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ಯಾವ ಸಂದೇಶ ತಂತ್ರಾಂಶವನ್ನು ಇಟ್ಟುಕೊಳ್ಳಬೇಕೆಂಬ ಪ್ರಶ್ನೆಯು ಅನೇಕ ಗೃಹಸ್ಥರಿಗೆ ಉಂಟಾಗುತ್ತಲಿದೆ. ಕೈಯಲ್ಲಿ ಮೊಬೈಲು ಇರುವಾಗ ಇದೇಕೆಂದು ಕಿರಿಯರು ಕೇಳುವರು. ಕಣ್ಣು ಮಂದವಾದವರಿಗೆ ದೊಡ್ಡ ಅಕ್ಷರವೂ, ನಾಲ್ಕು ಮಾತನ್ನು ಬಿಡಿಸಿ ಬರೆಯಬೇಕೆನ್ನುವವರಿಗೆ ಅಗಲವಾದ ಕೀಲಿಮಣೆಯೂ ಎಷ್ಟು ಉಪಕಾರಕವೆಂಬುದನ್ನು ಅವರು ಅರುವತ್ತು ದಾಟಿದ ಮೇಲೆ ತಾವೇ ತಿಳಿಯುವರು.

ಸಂಸ್ಕೃತದಲ್ಲಿ ಯೋಗಕ್ಷೇಮವೆಂಬುದು ಎರಡು ಮಾತು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ತಂತ್ರಾಂಶವನ್ನು ಆರಿಸುವವರು ಯೋಗವನ್ನಷ್ಟೇ ನೋಡುವರು. ಮಾತು ಕೂಡಲೆ ಮುಟ್ಟಿತೇ, ಮುಖವು ಕಂಡಿತೇ ಎಂಬಲ್ಲಿಗೆ ಪರೀಕ್ಷೆಯು ಮುಗಿಯುವುದು. ಕ್ಷೇಮದ ವಿಚಾರವು ನಷ್ಟವಾದ ಬಳಿಕವೇ ನೆನಪಿಗೆ ಬರುವುದು.

1996ರಲ್ಲಿ ಹುಟ್ಟಿ ಬಹು ದೇಶಗಳಲ್ಲಿ ವ್ಯಾಪಿಸಿದ ಐಸಿಕ್ಯೂ 2024ರಲ್ಲಿ ನಿಂತುಹೋಯಿತು. ಯಾಹೂ ಮೆಸೆಂಜರ್ 2018ರಲ್ಲಿ ಮುಚ್ಚಿತು. ಪರದೇಶದ ಮಕ್ಕಳ ಮುಖವನ್ನು ಎಷ್ಟೋ ತಾಯಂದಿರಿಗೆ ತೋರಿಸಿದ ಸ್ಕೈಪ್ 2003ರಲ್ಲಿ ಆರಂಭವಾಗಿ 2025ನೆಯ ಮೇ 5ರಂದು ಕೊನೆಗಂಡಿತು. ನಮಗೆ ಪರಿಚಿತರಾದ ಒಬ್ಬ ಗೃಹಸ್ಥರ ಅಣ್ಣನವರು ಮನೆತನದ ವೃತ್ತಾಂತವನ್ನು ಇಂಥದೊಂದು ಸೇವೆಯ ಮೂಲಕವಾಗಿ ಬರೆದು ಕಳುಹಿಸುತ್ತಿದ್ದರು. ಅವರು ತೀರಿಕೊಂಡರು, ತರುವಾಯ ಆ ಸೇವೆಯೂ ಮುಚ್ಚಿತು. ಯುವಕನಾಗಿದ್ದಾಗ ಅಣ್ಣನು ಬರೆದ ಕಾಗದಗಳು ಈಗಲೂ ಪೆಟ್ಟಿಗೆಯಲ್ಲಿವೆ. ಕಡೆಗಾಲದ ಮಾತುಗಳಲ್ಲಿ ಒಂದಾದರೂ ಉಳಿದಿಲ್ಲ.

ಈಗ ಬಳಕೆಯಲ್ಲಿರುವವುಗಳನ್ನು ನೋಡೋಣ. ಬಂಧುಮಿತ್ರರಲ್ಲಿ ಬಹುಮಂದಿ ಇರುವುದೇ ವಾಟ್ಸಾಪಿನ ದೊಡ್ಡ ಗುಣ. ಕಳುಹಿಸಿದವರೂ ಪಡೆದವರೂ ಹೊರತು ನಡುವಿನವರು ಓದಲಾಗದಂತೆ, 2016ರಿಂದ ಅದರ ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುವು. ಆದರೆ ಕಂಪ್ಯೂಟರಿನಲ್ಲಿ ಅದು ಮೊಬೈಲಿನ ನೆರಳು ಮಾತ್ರ. ಮೊಬೈಲಿನಲ್ಲಿ ಅದನ್ನು 14 ದಿನಗಳಿಗಿಂತ ಹೆಚ್ಚು ಕಾಲ ತೆರೆಯದಿದ್ದರೆ ಕಂಪ್ಯೂಟರಿನ ಸಂಬಂಧವೂ ಕಡಿದುಹೋಗುವುದು. ಸಿಗ್ನಲ್ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯದು. ಗೋಪ್ಯವನ್ನೇ ಮುಖ್ಯವಾಗಿ ಬಯಸುವವರಿಗೆ ಉತ್ತಮ. ಅದಕ್ಕೂ ಮೊದಲು ಮೊಬೈಲಿನ ಜೋಡಣೆ ಬೇಕು. ಟೆಲಿಗ್ರಾಮಿನಲ್ಲಿ ಹೊಸ ಕಂಪ್ಯೂಟರು ತಂದರೂ ಹಳೆಯ ಮಾತೆಲ್ಲ ತಾನಾಗಿ ಬರುವುದು. ಏಕೆಂದರೆ ಸಾಮಾನ್ಯ ಸಂದೇಶಗಳು ಕಂಪನಿಯ ಯಂತ್ರಗಳಲ್ಲಿಯೇ ಇರುವುವು. ಮೇಲೆ ಹೇಳಿದ ಬಗೆಯ ಗೂಢಲಿಪಿಯು ಅವುಗಳಿಗೆ ಇಲ್ಲ. ಅನುಕೂಲ ಹಾಗೂ ಗೋಪ್ಯ ಇವೆರಡರಲ್ಲಿ ಯಾವುದು ತಮಗೆ ಹೆಚ್ಚೆಂಬುದನ್ನು ವಾಚಕರು ಮೊದಲು ನಿಶ್ಚಯಿಸತಕ್ಕದ್ದು.

ನಮ್ಮ ಅಭಿಪ್ರಾಯವಿಷ್ಟು. ಬಂಧುಗಳು ಎಲ್ಲಿರುವರೋ ಆ ತಂತ್ರಾಂಶವನ್ನೇ ಇಟ್ಟುಕೊಳ್ಳುವುದು ವಿವೇಕ. ಗುಣಗಳೆಲ್ಲ ಇದ್ದರೂ ಮಾತನಾಡಿಸುವವರಿಲ್ಲದ ಜಗುಲಿಯಿಂದ ಪ್ರಯೋಜನವಿಲ್ಲ. ಅದನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ಬ್ಯಾಂಕಿನ ಗುಪ್ತ ಸಂಖ್ಯೆಗಳನ್ನು ಯಾವುದರಲ್ಲಿಯೂ ಬರೆಯಕೂಡದು. ಇನ್ನು ಕ್ಷೇಮದ ಮಾತು: ವಾಟ್ಸಾಪಿನಲ್ಲಿ ಒಬ್ಬರೊಡನೆ ಆಡಿದ ಮಾತನ್ನೆಲ್ಲ ಕಡತವಾಗಿ ಹೊರತೆಗೆಯುವ ಏರ್ಪಾಡು ಮೊಬೈಲಿನಲ್ಲಿದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅದನ್ನು ತೆಗೆದು ಕಂಪ್ಯೂಟರಿನಲ್ಲಿಯೂ ಬೇರೊಂದು ಪೆನ್‌ಡ್ರೈವಿನಲ್ಲಿಯೂ ಇಡಬೇಕು. ಬಹಳ ಬೇಕಾದ ಮಾತುಗಳನ್ನು ಮುದ್ರಿಸಿ ಹಳೆಯ ಕಾಗದಗಳ ಜತೆಗೆ ಸೇರಿಸುವುದು ಇನ್ನೂ ಲೇಸು.

ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಇದನ್ನು ಅವರಿಂದಲೇ ಒಂದಾವೃತ್ತಿ ಮಾಡಿಸಿ ನೋಡಿ ಕಲಿತುಕೊಂಡರೆ, ಮುಂದಿನ ಹಬ್ಬಕ್ಕೆ ಅವರನ್ನು ಕಾಯಬೇಕಾದುದಿಲ್ಲ.