ಗಣಕಯಂತ್ರದೊಳಗಿನ ಎರಡನೆಯ ವ್ಯವಸ್ಥೆ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ಅಮೇರಿಕೆಯ ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರು. 2015ರ ಜುಲೈಯಲ್ಲಿ ಹೊರಬಂದ ಈ ವ್ಯವಸ್ಥೆಯು ಹತ್ತು ವರ್ಷಗಳಲ್ಲಿ ನಮ್ಮ ಕಚೇರಿ, ಶಾಲೆ, ಅಂಗಡಿ, ಮನೆಗಳನ್ನೆಲ್ಲ ಹೊಕ್ಕಿತ್ತು. ಖಾಸಗಿ ಬಳಕೆದಾರರಿಗೆ ಮುಂದಿನ ಒಂದು ವರ್ಷದ ವಾಯಿದೆಯು 2026ರ ಅಕ್ಟೋಬರ್ 13ರ ವರೆಗೆ ಗೊತ್ತಾಯಿತು. ಈ ಸಂಗತಿಯನ್ನು ಬೆಂಗಳೂರಿನ ಗಣಕ ಪಂಡಿತರ ಮನೆವಾರ್ತೆಯೆಂದು ನಮ್ಮ ವಾಚಕರು ಎಣಿಸಕೂಡದು. ಗಿಣಿಗೇರಾದಂಥ ಊರನ್ನೇ ತೆಗೆದುಕೊಳ್ಳಬಹುದು. ಕಬ್ಬಿಣ ಉಕ್ಕಿನ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಲಾರಿ ಕಚೇರಿಗೆ, ತೂಕದ ಕಟ್ಟೆಗೆ, ಅರ್ಜಿ ಬರೆದುಕೊಡುವ ಜೆರಾಕ್ಸ್ ಅಂಗಡಿಗೆ ಇಂದು ಗಣಕವಿಲ್ಲದೆ ದಿನ ಸಾಗದು. ಅದರ ಒಳಗಿನ ವ್ಯವಸ್ಥೆ ಎಲ್ಲಿಯದು, ಅದರ ಆಯುಷ್ಯವನ್ನು ಗೊತ್ತುಪಡಿಸುವವರು ಯಾರು ಎಂಬುದನ್ನು ಮಾತ್ರ ಕೇಳಿದವರು ಕಡಿಮೆ.

ರಕ್ಷಣೆ ನಿಂತಿತೆಂದರೆ ಯಂತ್ರವು ಮರುದಿನ ಕೆಲಸ ಬಿಡುವದೆಂದಲ್ಲ. ಅದು ಎಂದಿನಂತೆ ನಡೆಯುವದು. ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಮಾತ್ರ ಇರುವದಿಲ್ಲ. ಕಂಪನಿಯವರು ತೋರಿಸುವ ದಾರಿಯೆಂದರೆ ವಿಂಡೋಸ್ 11. ಆದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಕಂಪನಿಯ ಎಂಟನೆಯ ಪೀಳಿಗೆಯ ಇಲ್ಲವೆ ಅದಕ್ಕೆ ಸರಿಸಮವಾದ ಪ್ರೊಸೆಸರನ್ನೂ ಬೇಡುತ್ತದೆ. ಸುಮಾರು 2018ಕ್ಕೆ ಮುಂಚಿನ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಈ ಪಂಕ್ತಿಯಿಂದ ಹೊರಗೆ ಉಳಿದವು. ಚೆನ್ನಾಗಿ ಉಳುವ ಎತ್ತನ್ನು, ಕೋಡಿನ ಅಳತೆ ಸರಿಯಿಲ್ಲವೆಂದು, ಕೊಟ್ಟಿಗೆಯಿಂದ ಅಟ್ಟಿದಂತಾಯಿತು. ಸರಕಾರದ ಬೊಕ್ಕಸದಿಂದ ಕೊಂಡ ಯಂತ್ರಗಳನ್ನು ಹೀಗೆ ಗುಜರಿಗೆ ಹಾಕುವದಕ್ಕೆ ಮೊದಲು ಇನ್ನೊಂದು ಉಪಾಯವನ್ನು ಅಧಿಕಾರಿಗಳು ಪರಾಂಬರಿಸಬೇಕೆಂದು ನಾವು ಹೇಳಬಯಸುತ್ತೇವೆ. ಅದಾವುದೆಂದರೆ, ಇದ್ದ ವ್ಯವಸ್ಥೆಯನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಎರಡನೆಯದೊಂದನ್ನು ನೆಲೆಗೊಳಿಸುವದು.

ಗಣಕದ ಪರಿಭಾಷೆಯನ್ನು ಅರಿಯದವರಿಗಾಗಿ ಎರಡು ಮಾತು. ಕಾರ್ಯಾಚರಣ ವ್ಯವಸ್ಥೆಯೆಂದರೆ ಯಂತ್ರದ ಅಂಗಾಂಗಗಳಿಗೂ ನಮ್ಮ ಕೆಲಸಕ್ಕೂ ನಡುವೆ ನಿಂತು ಆಡಳಿತ ನಡೆಸುವ ಮೂಲ ತಂತ್ರಾಂಶ. ಒಂದು ಯಂತ್ರದಲ್ಲಿ ಒಂದೇ ವ್ಯವಸ್ಥೆ ಇರಬೇಕೆಂಬ ನಿಯಮವೇನೂ ಇಲ್ಲ. ಗಿಣಿಗೇರಾ ನಿಲ್ದಾಣದಲ್ಲಿ ಗುಂತಕಲ್ಲು–ಹುಬ್ಬಳ್ಳಿಯ ಹಳೆಯ ದಾರಿಯಿಂದ ಹೊಸ ದಾರಿಯೊಂದು ಕವಲೊಡೆದು ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರನ್ನು ಮುಟ್ಟಿದೆಯಷ್ಟೆ. ಗಾಡಿ ಯಾವ ದಾರಿ ಹಿಡಿಯಬೇಕೆಂಬುದನ್ನು ಕವಲಿನ ಕೀಲು ನಿರ್ಣಯಿಸುತ್ತದೆ. ಗಣಕದಲ್ಲಿಯೂ ಹಾಗೆಯೇ. ಗುಂಡಿ ಒತ್ತಿದ ಕೂಡಲೆ ಗ್ರಬ್ ಎಂಬ ಚಿಕ್ಕ ತಂತ್ರಾಂಶವು ಪರದೆಯ ಮೇಲೆ ಎರಡು ಹೆಸರುಗಳನ್ನು ತೋರಿಸುವದು, ಬೇಕಾದುದನ್ನು ಆರಿಸಿಕೊಂಡರಾಯಿತು. ಒಂದು ಹೊತ್ತಿಗೆ ಒಂದು ಮಾತ್ರ ನಡೆಯುವದರಿಂದ ಎರಡರ ಭಾರವು ಒಟ್ಟಿಗೆ ಯಂತ್ರದ ಮೇಲೆ ಬೀಳುವದಿಲ್ಲ. ಎರಡನೆಯದಾಗಿ ಬರುವದು ಸಾಮಾನ್ಯವಾಗಿ ಲಿನಕ್ಸ್ ಕುಟುಂಬದ ಉಬುಂಟು, ಡೆಬಿಯನ್ ಇಲ್ಲವೆ ಲಿನಕ್ಸ್ ಮಿಂಟ್. ಇವುಗಳಿಗೆ ಬೆಲೆಯಿಲ್ಲ. ಮಿಂಟ್ ವ್ಯವಸ್ಥೆಯು ಬೇಡುವದು ಕನಿಷ್ಠ 2 ಜಿಬಿ ನೆನಪು, 20 ಜಿಬಿ ಸ್ಥಳ ಮಾತ್ರ; 4 ಜಿಬಿ ಇದ್ದರೆ ಸುಖವಾಗಿ ನಡೆಯುವದು. ತಿರುಗುವ ಹಳೆಯ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಕೂಡಿಸಿದರಂತೂ ಹತ್ತು ವರ್ಷದ ಯಂತ್ರವೂ ಯೌವನವನ್ನು ಪಡೆದಂತೆ ಕಾಣುವದು.

ಕೆಲಸವು ಸುಲಭವೆಂದು ಹೇಳಿ ವಾಚಕರನ್ನು ನಡುನೀರಿನಲ್ಲಿ ಬಿಡುವದು ನಮ್ಮ ಉದ್ದೇಶವಲ್ಲ. ಎಲ್ಲಕ್ಕೂ ಮೊದಲು ಇದ್ದ ಕಾಗದಪತ್ರಗಳ ನಕಲನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಬೇಕು. ಬಿಟ್‌ಲಾಕರ್ ಎಂಬ ಬೀಗವು ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಇದನ್ನು ಮರೆತವರು ತಮ್ಮ ಮನೆಯ ಹೊರಗೆ ತಾವೇ ನಿಲ್ಲುವರು. ಡಿಸ್ಕಿನಲ್ಲಿ ಹೊಸ ಪಾಲನ್ನು ಬಿಡಿಸುವ ಕೆಲಸವನ್ನು ವಿಂಡೋಸಿನ ಒಳಗಿನಿಂದಲೇ ಮಾಡುವದು ಕ್ಷೇಮ. ಫಾಸ್ಟ್ ಸ್ಟಾರ್ಟಪ್ ಎಂಬ ಅನುಕೂಲವನ್ನು ಆರಿಸಬೇಕು. ಯಾಕಂದರೆ ಅದು ಯಂತ್ರವನ್ನು ಪೂರ್ಣವಾಗಿ ಮುಚ್ಚದೆ ಅರೆನಿದ್ರೆಯಲ್ಲಿ ಇಡುವದರಿಂದ ಇನ್ನೊಂದು ವ್ಯವಸ್ಥೆಯು ಆ ಡಿಸ್ಕಿಗೆ ಕೈಹಾಕಿದಾಗ ಲೆಕ್ಕ ತಪ್ಪುವ ಸಂಭವವುಂಟು. ಇಷ್ಟಾದ ಮೇಲೆಯೂ ಒಂದು ವಿನೋದವು ಉಳಿಯುತ್ತದೆ. ಯಂತ್ರದ ಗಡಿಯಾರವನ್ನು ವಿಂಡೋಸು ಸ್ಥಳೀಯ ವೇಳೆಯೆಂದು ಓದುವದು, ಲಿನಕ್ಸು ಅದನ್ನೇ ಜಾಗತಿಕ ವೇಳೆಯೆಂದು ಎಣಿಸುವದು. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಬಂದಾಗ ವೇಳೆಯು ಸರಿಯಾಗಿ ಐದೂವರೆ ತಾಸು ಹಿಂದೆ ಮುಂದೆ ಆಗುವದು. ಭಾರತದಲ್ಲಿ ಕುಳಿತ ಯಂತ್ರವು ಗ್ರೀನಿಚ್ಚಿನ ಕಡೆಗೆ ನೋಡುವ ಈ ಹಳೆಯ ಚಟವನ್ನು ಒಂದೇ ಆಜ್ಞೆಯಿಂದ ಬಿಡಿಸಬಹುದು.

ಮೊದಲ ವ್ಯವಸ್ಥೆಯ ಒಡೆಯರ ಸೌಜನ್ಯವನ್ನೂ ಅತಿಯಾಗಿ ನಂಬಕೂಡದು. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನವರು ಕಳಿಸಿದ ಒಂದು ಭದ್ರತಾ ಪರಿಷ್ಕಾರದಿಂದ ಎರಡು ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸು ಏಳದಂತಾಯಿತು. ಇಂಥ ಯಂತ್ರಗಳಿಗೆ ಅದು ತಗಲದೆಂದು ಮುಂಚೆ ಹೇಳಿದ್ದವರೂ ಅವರೇ. ದುರುದ್ದೇಶವಿತ್ತೆಂದು ನಾವು ಆರೋಪಿಸುವದಿಲ್ಲ. ಆದರೆ ಒಂದೇ ಸೂರಿನಡಿಯ ಇಬ್ಬರಲ್ಲಿ ಒಬ್ಬನ ಕೈಯಲ್ಲಿಯೇ ಬಾಗಿಲ ಚಿಲಕವಿದ್ದರೆ ಏನಾಗುವದೆಂಬುದು ಅದರಿಂದ ತಿಳಿಯಿತು. ಸಾಧ್ಯವಿದ್ದವರು ಎರಡಕ್ಕೂ ಬೇರೆ ಬೇರೆ ಡಿಸ್ಕುಗಳನ್ನು ಇಡುವದು ಲೇಸು.

ಇಷ್ಟೆಲ್ಲ ಹೇಳಿದರೂ ನಮ್ಮ ಕಚೇರಿಗಳು ಎರಡನೆಯ ವ್ಯವಸ್ಥೆಗೆ ಬಾಗಿಲು ತೆರೆಯದಿರುವದಕ್ಕೆ ಮೇಲಿನ ತೊಡಕುಗಳು ನಿಜವಾದ ಕಾರಣವಲ್ಲ. ಯಾವ ಗುಮಾಸ್ತರನ್ನು ಕೇಳಿದರೂ ಒಂದೇ ಉತ್ತರ: "ಅದರಲ್ಲಿ ಕನ್ನಡ ಬರುವದಿಲ್ಲ." ಈ ಮಾತನ್ನು ನಾವು ಸ್ವಲ್ಪ ವಿವರವಾಗಿ ಪರೀಕ್ಷಿಸಬೇಕಾಗಿದೆ.

1998ರಲ್ಲಿ ಬಂದ ಬರಹ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿ ಸರಕಾರವು ಅಂಗೀಕರಿಸಿದ ನುಡಿ, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಅವು ಹುಟ್ಟಿದ ಕಾಲದ ಮಿತಿಯು ಅವುಗಳ ಹಳೆಯ ಫಾಂಟುಗಳಲ್ಲಿ ಉಳಿಯಿತು. ಆ ಫಾಂಟುಗಳಲ್ಲಿ ಬರೆದ ಕಡತದ ಒಳಗೆ ವಾಸ್ತವವಾಗಿ ಕನ್ನಡವಿಲ್ಲ. ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಲಾಗಿದೆ. ಫಾಂಟನ್ನು ತೆಗೆದ ಕ್ಷಣದಲ್ಲಿ ತಹಶೀಲದಾರರ ಆಜ್ಞೆಯು ಫ್ರೆಂಚರಿಗೂ ಅರ್ಥವಾಗದ, ಕನ್ನಡಿಗರಿಗೂ ಅರ್ಥವಾಗದ, ಟೋಪಿ ಹೊತ್ತ ವಿದೇಶೀ ಅಕ್ಷರಗಳ ರಾಶಿಯಾಗುವದು. ಅದನ್ನು ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು, ಇನ್ನೊಂದು ವ್ಯವಸ್ಥೆಗೆ ನಂಬಿಕೆಯಿಂದ ಒಪ್ಪಿಸಲೂ ಬಾರದು. ಕನ್ನಡಕ್ಕೆ ಯೂನಿಕೋಡಿನಲ್ಲಿ ತನ್ನದೇ ಆದ ಸಂಕೇತಗಳು ದೊರೆತದ್ದು 1991ರಲ್ಲಿ. ವಿಂಡೋಸಿನಲ್ಲಿಯೇ ತುಂಗಾ ಎಂಬ ಯೂನಿಕೋಡ್ ಫಾಂಟು ಬಂದದ್ದು 2001ರ ಎಕ್ಸ್‌ಪಿಯೊಡನೆ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡನ್ನು ಒಪ್ಪಿಕೊಂಡಿವೆ. ಆದರೂ ಹಳೆಯ ಫಾಂಟಿನಲ್ಲಿ ಬರೆಯುವ ರೂಢಿಯು ಕಚೇರಿಗಳನ್ನು ಬಿಟ್ಟುಹೋಗಿಲ್ಲ. ನಮ್ಮನ್ನು ವಿಂಡೋಸಿಗೆ ಕಟ್ಟಿಹಾಕಿದ ಹಗ್ಗವನ್ನು ಅಮೇರಿಕೆಯವರು ಹೊಸೆಯಲಿಲ್ಲ. ಅದು ನಮ್ಮ ಕಚೇರಿಯ ಮೇಜಿನ ಮೇಲೆಯೇ ತಯಾರಾಗುತ್ತದೆ.

ಲಿನಕ್ಸಿನಲ್ಲಿ ಕನ್ನಡ ಬರುವದಿಲ್ಲವೆಂಬುದು ಸುಳ್ಳು. ಕೆ. ಪಿ. ರಾವ್ ಅವರು ರೂಪಿಸಿ, ಗಣಕ ಪರಿಷತ್ತಿನ ಮೂಲಕ ನಾಡಿಗೆಲ್ಲ ರೂಢಿಯಾದ ಕೀಲಿಮಣೆಯ ವಿನ್ಯಾಸವು ಅಲ್ಲಿ 'ಕಗಪ' ಎಂಬ ಹೆಸರಿನಿಂದಲೇ ಪಟ್ಟಿಯಲ್ಲಿ ಸಿಗುವದು. ಸ್ವರಗಳ ಸಂಗತಿಯಲ್ಲಿ ಅಲ್ಪ ವ್ಯತ್ಯಾಸ ಕಂಡರೂ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸ ಪಾಠ ಕಲಿಯಬೇಕಾಗಿಲ್ಲ. ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ, ಲೋಹಿತ್ ಮೊದಲಾದ ಫಾಂಟುಗಳು ಮುಕ್ತವಾಗಿ ದೊರೆಯುತ್ತವೆ. ಪತ್ರ, ಲೆಕ್ಕಪಟ್ಟಿಗಳಿಗೆ ಲಿಬ್ರೆಆಫೀಸ್ ಇದೆ. ಕಷ್ಟವಿರುವದು ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವದರಲ್ಲಿ. ಪರಿವರ್ತಕ ತಂತ್ರಾಂಶಗಳು ಉಂಟು. ಆದರೆ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಸ್ಥಾನದಲ್ಲಿ, ಅಂದರೆ ಅಕ್ಷರದ ಅನಂತರ ಇರುವದು. ಯೂನಿಕೋಡಿನಲ್ಲಿ ಉಚ್ಚಾರದ ಮೇರೆಗೆ ರಕಾರವು ಮೊದಲು ಬರಬೇಕು. 'ಕಾರ್ಯ', 'ವರ್ಷ', 'ಅರ್ಜಿ', ಈ ಮೂರು ಶಬ್ದಗಳಿಲ್ಲದ ಸರಕಾರಿ ಕಾಗದವುಂಟೆ? ಆದಕಾರಣ ಪರಿವರ್ತಿಸಿದ ಪ್ರತಿಯೊಂದು ಪುಟವನ್ನೂ ಮನುಷ್ಯನ ಕಣ್ಣು ಒಮ್ಮೆ ನೋಡಲೇಬೇಕು. ಜಮೀನಿನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ವಾರಸುದಾರನು ಎಷ್ಟು ವರ್ಷ ಅಲೆಯಬೇಕಾಗುವದೆಂಬುದನ್ನು ಕಂದಾಯ ಇಲಾಖೆಯವರಿಗೆ ನಾವು ಹೇಳಬೇಕಾಗಿಲ್ಲ.

ಈ ಸೀಮೆಯ ಹಿರಿಯರಿಗೆ ಇಂಥ ಸಂಗತಿಯು ಹೊಸದಲ್ಲ. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿನಲ್ಲಿದ್ದ ದಿನಗಳಲ್ಲಿ, ನಿಜಾಮರ ಆಡಳಿತದಲ್ಲಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ರೈತನು ಪರರ ಬಾಯಿಯನ್ನು ನೋಡಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಮುಗಿಯಿತು. ಉರ್ದುವಿನ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ, ವಿಂಡೋಸಿನ ಮೇಲೆಯೂ ಇಲ್ಲ. ನಮ್ಮ ಕಾಗದವನ್ನು ಓದಲು ಇಂಥದೇ ಒಂದು ಅಂಗಡಿಯ ಸಾಮಾನು ಬೇಕೆಂಬ ಸ್ಥಿತಿಗೆ ಮಾತ್ರ ನಮ್ಮ ಆಕ್ಷೇಪ.

ಎದುರು ವಾದವನ್ನೂ ಕೇಳಬೇಕು. ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕವೆಲ್ಲ ಟ್ಯಾಲಿಯಲ್ಲಿ ಇರುವದು. ಬೆಂಗಳೂರಿನಲ್ಲಿಯೇ ಬೆಳೆದ ಆ ತಂತ್ರಾಂಶವು ವಿಂಡೋಸಿಗಾಗಿ ರಚಿತವಾದುದು. ಕೆಲವು ಹಳೆಯ ಲೇಸರ್ ಮುದ್ರಣಯಂತ್ರಗಳು ಲಿನಕ್ಸಿನೊಡನೆ ಮುನಿಸಿಕೊಳ್ಳುವವು. ಅಧಿಕಾರಿಗಳ ಡಿಜಿಟಲ್ ಸಹಿಯ ಕೀಲಿಗಳಲ್ಲಿ ಎಲ್ಲವೂ ಎರಡೂ ಕಡೆ ಸಮನಾಗಿ ನಡೆಯುವದಿಲ್ಲ. ಈ ಕಾರಣದಿಂದಲೇ ನಾವು ಮೊದಲನೆಯದನ್ನು ಕಿತ್ತುಹಾಕಿರೆಂದು ಹೇಳದೆ ಎರಡನೆಯದನ್ನು ಇಡಿರೆಂದು ಹೇಳುತ್ತಿರುವದು. ಟ್ಯಾಲಿ ಬೇಕಾದವನು ವಿಂಡೋಸನ್ನು ಎಬ್ಬಿಸಲಿ, ಆ ಹೊತ್ತಿನಲ್ಲಿ ಅಂತರ್ಜಾಲದ ತಂತಿಯನ್ನು ಬಿಚ್ಚಿಡಲಿ. ಅಂಚೆ, ಪತ್ರವ್ಯವಹಾರ, ಸರಕಾರದ ಜಾಲತಾಣಗಳು ಇವುಗಳಿಗೆಲ್ಲ ರಕ್ಷಣೆಯುಳ್ಳ ಎರಡನೆಯ ವ್ಯವಸ್ಥೆಯನ್ನು ಬಳಸಲಿ. ಕೆಲವರು ಒಂದರೊಳಗೆ ಇನ್ನೊಂದನ್ನು ಕೂಡಿಸುವ ವರ್ಚುವಲ್ ಯಂತ್ರವನ್ನು ಸೂಚಿಸುವರು. ನೆನಪು ಹೇರಳವಾಗಿರುವ ಹೊಸ ಗಣಕಗಳಿಗೆ ಅದು ಸರಿ, ನಾವು ಮಾತಾಡುತ್ತಿರುವ ಬಡ ಯಂತ್ರಗಳಿಗಲ್ಲ.

ಸ್ವದೇಶೀ ಎಂಬ ಶಬ್ದವನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕು. ಲಿನಕ್ಸಿನ ಮೂಲವು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರ ಕೈಯಿಂದ ಹುಟ್ಟಿತು, ಅದು ಭಾರತದ್ದಲ್ಲ. ಆದರೆ ಅದರ ಮೂಲಬರಹವು ಎಲ್ಲರ ಕಣ್ಣಿಗೂ ತೆರೆದಿದ್ದು, ತಿದ್ದುವ ಹಂಚುವ ಹಕ್ಕು ಎಲ್ಲರಿಗೂ ಇದೆ. ಆ ಹಕ್ಕಿನ ಬಲದಿಂದಲೇ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಾಸ್ ಎಂಬ ಭಾರತೀಯ ಆವೃತ್ತಿಯನ್ನು ಹೊರತಂದಿತು. ರಕ್ಷಣಾ ಖಾತೆಯು ಉಬುಂಟುವಿನ ತಳಹದಿಯ ಮೇಲೆ ಮಾಯಾ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡು ಬಳಕೆಗೆ ತರುತ್ತಿರುವ ಸುದ್ದಿಯು 2023ರಲ್ಲಿ ಬಂದಿತು. ಪರಾವಲಂಬನದ ಬೆಲೆ ಏನೆಂಬುದನ್ನು 2025ರ ಜುಲೈಯಲ್ಲಿ ಗುಜರಾತದ ನಯಾರಾ ಎನರ್ಜಿ ಎಂಬ ತೈಲ ಕಂಪನಿಯು ಕಂಡಿತು. ರಷ್ಯದ ಬಂಡವಾಳದ ನಿಮಿತ್ತ ಯುರೋಪದವರು ಅದಕ್ಕೆ ನಿರ್ಬಂಧ ಹಾಕಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಸೇವೆಗಳನ್ನು ನಿಲ್ಲಿಸಿದರು. ದಿಲ್ಲಿಯ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಅವು ಮರಳಿದವು. ಅಲ್ಲಿ ನಿಂತದ್ದು ಅಂಚೆ ಮೊದಲಾದ ದೂರದ ಸೇವೆಗಳು, ಮೇಜಿನ ಮೇಲಿನ ಯಂತ್ರವಲ್ಲ, ನಿಜ. ಆದರೆ ಭಾರತದ ಯಾವ ಕಾಯಿದೆಯೂ ನಿಷೇಧಿಸದ ಕೆಲಸವು ಹೊರಗಿನವರ ಕಾಯಿದೆಯಿಂದ ಭಾರತದ ನೆಲದಲ್ಲಿ ನಿಂತಿತೆಂಬುದನ್ನು ಮರೆಯುವಂತಿಲ್ಲ.

ನೆರೆಯವರು ಸುಮ್ಮನೆ ಕುಳಿತಿಲ್ಲ. ತಮಿಳುನಾಡಿನವರು 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸಿನ ಜೊತೆಗೆ ಬಾಸನ್ನೂ ಇಟ್ಟುಕೊಟ್ಟರು. ಕೇರಳದವರು ಇನ್ನೂ ಮುಂದೆ ಹೋಗಿ ಶಾಲೆಗಳ ಗಣಕ ಶಿಕ್ಷಣವನ್ನೇ ಲಿನಕ್ಸಿನ ಮೇಲೆ ನೆಲೆಗೊಳಿಸಿದರು. ಇದರ ಒಂದು ಪರಿಣಾಮವು ಕನ್ನಡಿಗರಾದ ನಮಗೆ ನಾಚಿಕೆ ತರುವಂಥದು: ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ನಮ್ಮದೇ ಮಕ್ಕಳು ಕನ್ನಡ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಈ ವ್ಯವಸ್ಥೆಯನ್ನು ಕಲಿಯುತ್ತಾರೆ. ಗಡಿಯ ಆಚೆ ಸಾಧ್ಯವಾದುದು ಕೊಪ್ಪಳದ ಶಾಲೆಯಲ್ಲಿ ಯಾಕೆ ಅಸಾಧ್ಯವೆಂಬ ಪ್ರಶ್ನೆಗೆ ಶಿಕ್ಷಣ ಇಲಾಖೆಯವರು ಉತ್ತರ ಕೊಡಬೇಕು.

ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪಂಚಾಯತದವರಿಗೂ ನಮ್ಮ ಸೂಚನೆಯಿಷ್ಟು. ಹಳೆಯ ಗಣಕಗಳನ್ನು ಲಿಲಾವಿಗೆ ಪಟ್ಟಿ ಮಾಡುವ ಮುಂಚೆ ಗಿಣಿಗೇರಾದಂಥ ಒಂದೆರಡು ಊರುಗಳ ಕಚೇರಿ ಹಾಗೂ ಶಾಲೆಗಳಲ್ಲಿ ಆರು ತಿಂಗಳ ಮಟ್ಟಿಗೆ ಎರಡು ವ್ಯವಸ್ಥೆಗಳ ಪ್ರಯೋಗವನ್ನು ನಡೆಯಿಸಬೇಕು. ಗುಮಾಸ್ತರಿಗೆ ಕಗಪ ಕೀಲಿಮಣೆಯ ಮೇಲೆ ಎರಡು ದಿನದ ಅಭ್ಯಾಸವನ್ನು ಕೊಡಬೇಕು. ಹೊಸ ಕಡತವು ಯಾವ ವ್ಯವಸ್ಥೆಯಲ್ಲಿ ಸಿದ್ಧವಾದರೂ ಯೂನಿಕೋಡಿನಲ್ಲಿಯೇ ಇರತಕ್ಕದ್ದೆಂದು ಆಜ್ಞೆ ಹೊರಡಿಸಿ, ಹಳೆಯ ಫಾಂಟಿನಲ್ಲಿ ಬಂದ ಟಿಪ್ಪಣಿಯನ್ನು ಸಹಿ ಮಾಡದೆ ಹಿಂದಿರುಗಿಸಬೇಕು. ಇದರಲ್ಲಿ ಕೊನೆಯದಕ್ಕೆ ಒಂದು ಬಿಡಿಗಾಸಿನ ವೆಚ್ಚವೂ ಇಲ್ಲದ್ದರಿಂದ ಮುಂಗಡಪತ್ರದ ನೆವವನ್ನು ಹೇಳದೆ ಮುಂದಿನ ಸೋಮವಾರದಿಂದಲೇ ಅದನ್ನು ಆರಂಭಿಸಬಹುದಾಗಿದೆ.