ನೀರು ಬೇಡದ ಗಿಡಗಳು

ಪಟ್ಟಣಗಳ ಗೃಹಸ್ಥರಲ್ಲಿ ಇತ್ತೀಚೆಗೆ ಒಂದು ಹೊಸ ರೂಢಿಯು ತಲೆದೋರಿರುವುದು. ಅಂಗಳದಲ್ಲಿ ಗಿಡಗಳಿದ್ದ ಎಡೆಯಲ್ಲಿ ಕಬ್ಬಿಣದ ತಗಡಿನ ಕತ್ತಾಳೆಯನ್ನೂ, ತಾಮ್ರದ ಬಳ್ಳಿಯನ್ನೂ, ಬಣ್ಣ ಬಳಿದ ಸೂರ್ಯಕಾಂತಿಯನ್ನೂ ನಿಲ್ಲಿಸುವರು. ಕೆಲವೆಡೆ ತುಳಸಿಯೂ ಹಿತ್ತಾಳೆಯದಾಗಿದೆ. ಇವುಗಳ ಪಕ್ಷದವರು ಮೂರು ಕಾರಣಗಳನ್ನು ಹೇಳುವರು: ಲೋಹದಲ್ಲಿ ಲತೆಗಳನ್ನು ರಚಿಸುವುದು ಹಿರಿಯರದೇ ಪದ್ಧತಿ, ಇವು ಬಾಡವು, ಇವಕ್ಕೆ ನೀರು ಬೇಡ. ಈ ಮೂರನ್ನೂ ಪರೀಕ್ಷಿಸತಕ್ಕದ್ದು.

ಹಿರಿಯರ ಪದ್ಧತಿಯೆಂಬುದು ಅರ್ಧ ಸತ್ಯವು. ಬೀದರಿನ ಕುಶಲಿಗಳು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ತಿಕ್ಕಿ ಪಾತ್ರೆಯನ್ನು ಕಪ್ಪಾಗಿಸುವರು. ಹೂವು ಮಾತ್ರ ಬೆಳ್ಳಗೆ ಉಳಿಯುವುದು. ಆದರೆ ಆ ಹೂವಿರುವುದು ಹೂಜಿಯ ಮೈಮೇಲೆ. ವೃಕ್ಷದೀಪವು ಕೊಂಬೆಕೊಂಬೆಗೂ ಹಣತೆಯನ್ನು ಹೊರುವುದು. ನೀರನ್ನು ಹಿಡಿಯುವುದು, ದೀಪವನ್ನು ಹೊರುವುದು ಲೋಹಕ್ಕೆ ಸಹಜವಾದ ಕೆಲಸ; ಗಿಡದ ಆಕಾರವು ಅದಕ್ಕೆ ಅಲಂಕಾರ. ಕಾನ್‌ಸ್ಟಾಂಟಿನೋಪಲಿನ ಅರಮನೆಯಲ್ಲಿ ಲಿಯುಟ್‌ಪ್ರಾಂಡನೆಂಬ ರಾಯಭಾರಿಯು 949ರಲ್ಲಿ ಕಂಡ, ಕೃತಕ ಪಕ್ಷಿಗಳು ಕೂಗುತ್ತಿದ್ದ ಕಂಚಿನ ಮರವೂ ಸಿಂಹಾಸನದ ಮುಂದೆ ನೋಡುವವರನ್ನು ಬೆರಗುಗೊಳಿಸುತ್ತಿದ್ದಿತು. ಇವಾವುವೂ ಬೆಳೆಯುವ ಗಿಡವನ್ನು ಅದರ ಕುಂಡದಿಂದ ಎಬ್ಬಿಸಿ ತಾವು ಕುಳಿತವುಗಳಲ್ಲ.

ಬಾಡವೆಂಬ ಹೆಮ್ಮೆಗೂ ಆಧಾರವಿಲ್ಲ. ಒಂದೆರಡು ಮಳೆಗಾಲಗಳಲ್ಲಿ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ತುಳಸಿಯು ಒಣಗುವಾಗ ಕದಿರಿನಲ್ಲಿ ಬೀಜಗಳನ್ನು ಬಿಟ್ಟುಹೋಗುವುದು; ತುಕ್ಕಿನಿಂದ ಮೊಳೆಯುವುದೇನು? ಬೇಸಗೆಯಲ್ಲಿ ಹಸಿರೆಲೆಯು ನೀರಾವಿಯನ್ನು ಬಿಟ್ಟು ಸುತ್ತಣ ಗಾಳಿಯನ್ನು ತಂಪುಮಾಡಿದರೆ, ತಗಡಿನ ಎಲೆಯು ಮುಟ್ಟಿದವರ ಕೈಯನ್ನು ಸುಡುವುದು. ಜೇನ್ನೊಣವಂತೂ ಅತ್ತ ಸುಳಿಯದು.

ಇನ್ನು ನೀರಿನ ಮಾತು. ಇದೊಂದೇ ಗೌರವಕ್ಕೆ ಯೋಗ್ಯವಾದ ವಾದವು. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದು ನಿರ್ಬಂಧವಾಯಿತು. ಆ ದಿನಗಳಲ್ಲಿ ಹುಲ್ಲುಹಾಸಿಗೆ ಕೊಳವೆ ಹಿಡಿಯುವುದು ಅಪರಾಧವೇ ಸರಿ. ಆದರೆ ಒಂದು ತುಳಸಿಯು ಬೇಡುವುದೆಷ್ಟು? ಅಕ್ಕಿ ತೊಳೆದು ಚೆಲ್ಲುವ ಒಂದು ಚೆಂಬು ನೀರು. ಅಷ್ಟನ್ನು ಉಳಿಸಲಾರದ ಮನೆಯು ಲೋಹದ ತೋಟಕ್ಕೆ ಸಾವಿರಾರು ರೂಪಾಯಿಗಳನ್ನು ಸುರಿಯುವುದು ಮಿತವ್ಯಯವೆನಿಸದು.

ನಿಜವಾದ ನಷ್ಟವು ಮಕ್ಕಳಿಗೆ. ಶಾಕುಂತಲದಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ಕಣ್ವರು ಆಶ್ರಮದ ಮರಗಳ ಅನುಮತಿಯನ್ನು ಬೇಡುವರು. ದಿನವೂ ನೀರೆರೆದು ಬೆಳೆಸಿದವಳಿಗಲ್ಲದೆ ಆ ಬಾಂಧವ್ಯವು ದೊರೆಯದು. ತಾನು ಮರೆತರೆ ಬಾಡುವ ಒಂದು ಜೀವವು ಮನೆಯಲ್ಲಿದೆಯೆಂದು ಅರಿತ ಮಗುವು ಕರುಣೆಯ ಮೊದಲ ಪಾಠವನ್ನು ಅಲ್ಲಿಯೇ ಕಲಿಯುವುದು. ಮರೆತರೂ ಏನೂ ಆಗದ ಗಿಡವು ಮರೆವನ್ನೇ ಕಲಿಸುವುದು.

ಲೋಹದ ಹೂವಿನಲ್ಲಿ ಪ್ರೀತಿಯುಳ್ಳವರು ಬೀದರಿನ ಹೂಜಿಯನ್ನು ಕೊಳ್ಳಲಿ. ಕುಶಲಿಯ ಮನೆಯಲ್ಲಿ ಒಲೆಯೂ ಉರಿದೀತು. ಅಂಗಳದ ಒಂದು ಕುಂಡವಾದರೂ ಮಣ್ಣಿಗೆ ಉಳಿಯಲಿ.