ಆಟದ ಮಿದುಳು, ಆಡುವವನ ಮಿದುಳು

ಮಳೆ ಹಿಡಿದು ಹೊಡೆಯುತ್ತಿದ್ದ ಒಂದು ಸಂಜೆ ನಾರಾವಿಯ ನನ್ನ ಚಿಕಿತ್ಸಾಲಯಕ್ಕೆ ತಂದೆ, ತಾಯಿ, ಮಗ ಮೂವರೂ ಬಂದರು. ಮಗನಿಗೆ ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ವಿದ್ಯಾರ್ಥಿ. ಎರಡು ವರ್ಷಗಳಿಂದ ಅಪಸ್ಮಾರಕ್ಕೆ, ಅಂದರೆ ಜನ ಫಿಟ್ಸ್ ಎಂದು ಕರೆಯುವ ಕಾಯಿಲೆಗೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಒಂದೂವರೆ ವರ್ಷದಿಂದ ಫಿಟ್ಸ್ ಬಂದಿಲ್ಲ.

"ಡಾಕ್ಟ್ರೇ, ಕಂಪ್ಯೂಟರಿನಲ್ಲಿ ಆಟ ಆಡಿ ಆಡಿಯೇ ಇವನಿಗೆ ಈ ಕಾಯಿಲೆ ಬಂದದ್ದು. ಈಗ ಮತ್ತೊಂದು ದೊಡ್ಡ ಆಟ ಬೇಕಂತೆ. ನೀವೇ ಒಂದು ಮಾತು ಹೇಳಿ" ಎಂದರು ತಾಯಿ. ಕಂಪ್ಯೂಟರನ್ನೇ ಮಾರಿಬಿಟ್ಟರೆ ಹೇಗೆ ಎಂಬುದು ತಂದೆಯ ಪ್ರಶ್ನೆ. ಮಗ ನೆಲ ನೋಡುತ್ತಾ ಕುಳಿತಿದ್ದ.

ಆಟದ ಹೆಸರು ಕೇಳಿದೆ. 'ಸೈಬರ್‌ಪಂಕ್ 2077'. ಅದು ನನಗೆ ಹೊಸತೇನಲ್ಲ. ರಜೆಗೆ ಬಂದಿದ್ದ ನನ್ನ ಅಕ್ಕನ ಮಗ ಅದನ್ನು ಆಡುವಾಗ ಕೆಲವು ಸಂಜೆ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಆದ್ದರಿಂದ ಈ ವಾರ ಆ ಆಟದ ಗುಣದೋಷಗಳನ್ನೇ ವೈದ್ಯನ ಕಣ್ಣಿನಿಂದ ಪರಿಶೀಲಿಸೋಣ.

ಮೆಚ್ಚಬೇಕಾದದ್ದು

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ ವೈಜ್ಞಾನಿಕ ಕಥೆಯ ಆಟವಿದು. ಆಡುವವನು ತಾನೇ ಕಥೆಯ ಒಂದು ಪಾತ್ರವಾಗಿ, ಏನು ಮಾತಾಡಬೇಕು, ಯಾರ ಪಕ್ಷ ಹಿಡಿಯಬೇಕು ಎಂಬುದನ್ನು ತೀರ್ಮಾನಿಸುತ್ತಾ ಹೋಗಬೇಕು. 'ವಿ' ಎಂಬ ಈ ಪಾತ್ರ ಗಂಡೋ ಹೆಣ್ಣೋ ಎಂಬುದೂ ಆಡುವವರ ಆಯ್ಕೆ. ವಿ ತಲೆಯೊಳಗೆ ಒಂದು ಚಿಪ್ ಸೇರಿಕೊಳ್ಳುತ್ತದೆ. ಅದರಲ್ಲಿ ಸತ್ತುಹೋದ ಒಬ್ಬ ಗಾಯಕನ ಮನಸ್ಸು ಅಡಗಿದ್ದು, ಅದು ವಿಯ ಮಿದುಳನ್ನು ನಿಧಾನವಾಗಿ ಆಕ್ರಮಿಸಿಕೊಳ್ಳುತ್ತದೆ.

ಈ ಸುದ್ದಿಯನ್ನು ವಿಗೆ ತಿಳಿಸುವವನು ವಿಕ್ಟರ್ ಎಂಬ ಬೀದಿಬದಿಯ ವೈದ್ಯ. ಅವನು ವಿಷಯವನ್ನು ಮುಚ್ಚಿಡುವುದಿಲ್ಲ, ಸುಳ್ಳು ಭರವಸೆ ಕೊಡುವುದಿಲ್ಲ, ಉಳಿದಿರುವುದು ಕೆಲವೇ ವಾರ ಎಂದು ನೇರವಾಗಿ ಹೇಳುತ್ತಾನೆ. ಕೆಟ್ಟ ಸುದ್ದಿ ಹೇಳುವುದು ವೈದ್ಯವೃತ್ತಿಯ ಅತ್ಯಂತ ಕಷ್ಟದ ಕೆಲಸ. ಅದನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾಗಳು ಕಡಿಮೆ. ಕಥೆಯ ಆರಂಭದಲ್ಲಿ ಇದೇ ವಿಕ್ಟರ್ ಹಣ ಆಮೇಲೆ ಕೊಟ್ಟರಾಯಿತು ಎಂದು ವಿಗೆ ಚಿಕಿತ್ಸೆ ಮಾಡುತ್ತಾನೆ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎನ್ನುವ ರೋಗಿಗಳನ್ನು ಕಂಡಿರುವ ನನಗೆ ಅವನು ಪರಿಚಿತನಂತೆಯೇ ಕಂಡ.

ಇನ್ನೊಂದು ದೃಶ್ಯ. ಪ್ರಾಣಾಪಾಯದಲ್ಲಿರುವ ಒಬ್ಬ ಹೆಂಗಸಿಗಾಗಿ ಮೂರು ನಿಮಿಷದಲ್ಲಿ ಹಾರುವ ಆಂಬುಲೆನ್ಸ್ ಬರುತ್ತದೆ. ಏಕೆಂದರೆ ಆಕೆ ದೊಡ್ಡ ಮೊತ್ತ ಕಟ್ಟಿದ ಚಂದಾದಾರಳು. ಅದರ ಸಿಬ್ಬಂದಿ ಸುತ್ತಲಿನವರಿಗೆ ಬಂದೂಕು ತೋರಿಸಿ ದೂರ ಸರಿಸುತ್ತಾರೆ. ಚಂದಾ ಕಟ್ಟದವನಿಗೆ ಆ ಊರಿನಲ್ಲಿ ಆಂಬುಲೆನ್ಸ್ ಇಲ್ಲ. ನಮ್ಮಲ್ಲಿ 2008ರಿಂದ ಇರುವ 108 ಘಟ್ಟದ ಬುಡದ ಮನೆಗಳಿಗೆ ಬರಲು ತಡವಾಗಬಹುದು, ಆದರೆ ಹಣವಿದೆಯೇ ಎಂದು ಕೇಳುವುದಿಲ್ಲ. ವೈದ್ಯಕೀಯವು ಕೇವಲ ವ್ಯಾಪಾರವಾದರೆ ಏನಾದೀತು ಎಂಬ ಎಚ್ಚರಿಕೆ ಈ ಆಟದಲ್ಲಿದೆ. ಯುವಕರು ಇದನ್ನು ನೋಡಿ ಯೋಚಿಸಿದರೆ ಒಳ್ಳೆಯದೇ.

ಒಪ್ಪಲಾಗದ್ದು

ಇದು ಮಕ್ಕಳ ಆಟವಲ್ಲ. ಕೊಲೆ, ಮಾದಕವಸ್ತು, ನಗ್ನತೆ, ಹೊಲಸು ಮಾತು ಧಾರಾಳವಾಗಿರುವುದರಿಂದ ಯುರೋಪಿನಲ್ಲಿ ಇದಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ಮುದ್ರೆಯಿದೆ. ಹೈಸ್ಕೂಲಿನ ಮಗ ಹಟ ಮಾಡಿದನೆಂದು ಕೊಡಿಸುವ ವಸ್ತು ಇದಲ್ಲ. ಗುಂಡು ತಗುಲಿದವನು ಒಂದು ಇನ್‌ಹೇಲರ್ ಎಳೆದು ಕ್ಷಣದಲ್ಲಿ ಎದ್ದು ಓಡುತ್ತಾನೆ. ಗಾಯಕ್ಕೂ ನೋವಿಗೂ ಅಲ್ಲಿ ಬೆಲೆಯಿಲ್ಲ. ಬಿಡುಗಡೆಯಾದಾಗ ಆಟದಲ್ಲಿ ಎಷ್ಟು ತಾಂತ್ರಿಕ ದೋಷಗಳಿದ್ದವೆಂದರೆ, ಸೋನಿ ಕಂಪನಿ ಒಂದೇ ವಾರದಲ್ಲಿ ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ಅದನ್ನು ತೆಗೆದುಹಾಕಿತು. ಅದು ಮರಳಿದ್ದು 2021ರ ಜೂನ್‌ನಲ್ಲಿ. ನಂತರ ಬಹಳಷ್ಟು ತಿದ್ದಲಾಗಿದೆ.

ಆದರೆ ವೈದ್ಯನಾಗಿ ನನ್ನನ್ನು ಕಾಡಿದ ದೋಷ ಬೇರೆ. ಆಟದಲ್ಲಿ 'ಬ್ರೈನ್‌ಡಾನ್ಸ್' ಎಂಬ ಭಾಗವಿದೆ. ತಲೆಗೊಂದು ಸಾಧನ ಧರಿಸಿ ಇನ್ನೊಬ್ಬರ ಅನುಭವವನ್ನು ಮತ್ತೆ ಕಾಣುವುದು. ಆ ಸಾಧನ ಶುರುವಾಗುವಾಗ ಕೆಂಪು ಬಿಳಿ ದೀಪಗಳು ಪಟಪಟನೆ ಮಿನುಗುತ್ತಿದ್ದವು. ಬಿಡುಗಡೆಗೆ ಮೊದಲೇ ಆಟವನ್ನು ಪರೀಕ್ಷಿಸಿದ ಅಮೆರಿಕದ 'ಗೇಮ್ ಇನ್‌ಫಾರ್ಮರ್' ಪತ್ರಿಕೆಯ ಲೇಖಕಿಯೊಬ್ಬರಿಗೆ ಫಿಟ್ಸ್ ಬಂದು, ಅವರು ಬಹಿರಂಗವಾಗಿ ಎಚ್ಚರಿಸಿದರು. ಸಂಸ್ಥೆ ಎಚ್ಚರಿಕೆಯ ಸೂಚನೆ ಸೇರಿಸಿತು. ಕೆಲವೇ ದಿನಗಳಲ್ಲಿ ಮಿನುಗಿನ ವೇಗ ಮತ್ತು ತೀವ್ರತೆಯನ್ನು ತಗ್ಗಿಸಿತು. ತಿದ್ದಿಕೊಂಡದ್ದು ಸರಿ. ಆದರೆ ಮಿದುಳಿಗೆ ಒದಗುವ ಅಪಾಯವನ್ನೇ ಕಥೆಯಾಗಿಸಿದವರು, ಪರದೆಯ ಮುಂದೆ ಕುಳಿತವನ ಮಿದುಳನ್ನು ಮೊದಲು ನೆನೆಯಲಿಲ್ಲ.

ಇದು ಗೊತ್ತಿರದ ಅಪಾಯವೂ ಅಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನಲ್ಲಿ ಕೆಂಪು ನೀಲಿ ಬೆಳಕು ಕೆಲವು ಸೆಕೆಂಡು ವೇಗವಾಗಿ ಮಿನುಗಿದಾಗ, ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಬೆಳಕಿಗೂ ಫಿಟ್ಸಿಗೂ ನಂಟು

ಅಪಸ್ಮಾರವಿರುವ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಮಾತ್ರ ಮಿನುಗುವ ಬೆಳಕಿನಿಂದ ಫಿಟ್ಸ್ ಬರುತ್ತದೆ. ಹದಿಹರೆಯದವರಲ್ಲಿ ಇದು ಹೆಚ್ಚು. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು, ಅದರಲ್ಲೂ ಗಾಢ ಕೆಂಪು, ಅಪಾಯಕಾರಿ. ಇಇಜಿ ಪರೀಕ್ಷೆಯ ವೇಳೆ ಕಣ್ಣೆದುರು ದೀಪ ಮಿನುಗಿಸಿ ಇದನ್ನು ಕಂಡುಹಿಡಿಯಬಹುದು.

ಆದ್ದರಿಂದ ಆಟವೇ ಅಪಸ್ಮಾರ ತಂದಿತು ಎನ್ನುವುದು ತಪ್ಪು. ಮಿದುಳಿನಲ್ಲಿ ಮೊದಲೇ ಇದ್ದ ಒಲವನ್ನು ಬೆಳಕು ಕೆರಳಿಸುತ್ತದೆ, ಅಷ್ಟೆ. ಬೆಳಕಿಗಿಂತಲೂ ನಾನು ಹೆಚ್ಚಾಗಿ ಕಂಡಿರುವ ಕಾರಣಗಳು ಎರಡು: ನಿದ್ದೆಗೆಡುವುದು ಮತ್ತು ಮಾತ್ರೆ ತಪ್ಪಿಸುವುದು.

ಆಡುವವರು ಕೋಣೆಯ ದೀಪ ಉರಿಸಿಕೊಂಡು, ಪರದೆಯಿಂದ ದೂರ ಕುಳಿತು, ಗಂಟೆಗೊಮ್ಮೆ ಎದ್ದು ವಿಶ್ರಾಂತಿ ಪಡೆಯಬೇಕು. ಮಿನುಗುವ ದೃಶ್ಯದಿಂದ ತೊಂದರೆ ಎನಿಸಿದರೆ ತಕ್ಷಣ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ಎರಡೂ ಕಣ್ಣು ಮುಚ್ಚಿಕೊಂಡರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ತಟ್ಟುತ್ತದೆ.

ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದ ಕೀ ಕೊಡುವುದು, ಚಪ್ಪಲಿ ಅಥವಾ ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಹತ್ತಿರದ ಗಟ್ಟಿ ವಸ್ತುಗಳನ್ನು ಸರಿಸಿ, ಅದುರು ತಗ್ಗುತ್ತಿದ್ದಂತೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

ಆಟದ ಮೇಲೆ ಹಿಡಿತವೇ ತಪ್ಪಿ ಊಟ, ಓದು, ಸ್ನೇಹಿತರು ಎಲ್ಲ ಬಿಟ್ಟುಹೋದರೆ ಅದು ಬೇರೆಯೇ ಕಾಯಿಲೆ. 2022ರ ಜನವರಿಯಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು.

ನನ್ನ ತೀರ್ಮಾನ

ತಂದೆತಾಯಿಯನ್ನು ಹೊರಗೆ ಕೂರಿಸಿ ಹುಡುಗನೊಡನೆ ಮಾತಾಡಿದೆ. ಮೊದಲು ಸುಮ್ಮನಿದ್ದವನು ಆಮೇಲೆ ಬಾಯಿಬಿಟ್ಟ. "ರಾತ್ರಿ ಮಾತ್ರೆ ತೆಗೆದುಕೊಂಡರೆ ನಿದ್ದೆ ಬರ್ತದೆ ಸರ್. ಆಟ ಇದ್ದ ದಿನ ಬಿಡ್ತೇನೆ. ಹೋದ ತಿಂಗಳು ಮೂರು ಸಲ ಬಿಟ್ಟೆ."

ಕಂಪ್ಯೂಟರ್ ಮಾರಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ. ಅವನು ಗೆಳೆಯನ ಕೋಣೆಯಲ್ಲಿ ಆಡುತ್ತಿದ್ದ, ಮಾತ್ರೆ ಅಲ್ಲೂ ತಪ್ಪುತ್ತಿತ್ತು.

ಅವನ ಹಳೆಯ ಇಇಜಿ ವರದಿಯಲ್ಲಿ ಬೆಳಕಿಗೆ ಪ್ರತಿಕ್ರಿಯೆ ಕಂಡಿರಲಿಲ್ಲ. ಕಂಡಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. ನರರೋಗ ತಜ್ಞರಿಗೂ ಒಂದು ಮಾತು ತಿಳಿಸಿ, ಹಗಲು ಹೊತ್ತಿನಲ್ಲಿ ದಿನಕ್ಕೆ ಒಂದು ಗಂಟೆ ಎಂಬ ಕಟ್ಟಳೆಯೊಂದಿಗೆ ಆಡಬಹುದೆಂದೆ. ರಾತ್ರಿ ಹತ್ತಕ್ಕೆ ಮಾತ್ರೆ, ನಂತರ ನಿದ್ದೆ. ಮನೆಯವರು ಬೈಯುವುದನ್ನು ಬಿಟ್ಟು ದಿನಕ್ಕೊಮ್ಮೆ ಪಕ್ಕದಲ್ಲಿ ಕುಳಿತು ನೋಡಬೇಕು. ಮಗ ಏನು ಆಡುತ್ತಿದ್ದಾನೆಂದು ತಿಳಿಯದೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಾದರೂ ಹೇಗೆ?

ಹೊರಡುವಾಗ ಹುಡುಗನಿಗೆ ಒಂದು ಮಾತು ಹೇಳಿದೆ: "ಆ ಕಥೆಯಲ್ಲಿ ವಿ ಕೂಡ ಮಾತ್ರೆ ನುಂಗಿಕೊಂಡೇ ಮುಂದಿನ ಕೆಲಸಕ್ಕೆ ಹೋಗುವುದು. ನೀನೂ ಹಾಗೇ ಮಾಡು ಮಾರಾಯ."